ಆ ಮೊಳಿ ಇನ್ನೂ ಅದಾವ: ದೋಸ್ತಗೊಂದು ಪತ್ರ

ದೋಸ್ತಾ,

ಹೆಂಗದಿ? ಪುಣೆದಾಗ ಥಂಡಿ ಸುರುವಾಗೈತೇನು? ಇಲ್ಲಿ ಬಾಗಲಕೋಟ್ಯಾಗ ಆಲಮಟ್ಟಿ ಡ್ಯಾಮಿನ ಹಿನ್ನೀರು ತುಂಬಿ ನಿಂತೈತಿ, ಬೆಳಗಿನ ಜಾವ ಆ ಕಡಿಂದ ಬರೋ ಗಾಳಿಗೆ ಕೌದಿ ಬಿಟ್ಟು ಏಳಾಕ ಮನಸ ಆಗೂದಿಲ್ಲ, ಆದರೂ ಐದೂವರಿಗೆ ಎದ್ದು ಕುಂದರತೀನಿ, ಯಾಕಂತ ಮುಂದ ಹೇಳತೀನಿ. ಫೋನಿನಾಗ ಹೇಳೋಣಂದ್ರ ನೀ ನಡುವ ನಡುವ "ಸರ್, ಇಂಟರ್ವಲ್" ಅಂತಿ, ನಾ ನಗತೀನಿ, ಹೇಳೂದು ಅಲ್ಲೇ ಉಳೀತೈತಿ. ಅದಕ್ಕ ಪತ್ರ. ಎಲ್ಲಾರ ಮುಂದ ಯಾಕ ಹಾಕಿದಿ ಅಂತ ಬೈಬ್ಯಾಡ. ಇದರಾಗ ಒಂದು ಮಾತೈತಿ, ಅದನ್ನ ನಾ ಎಲ್ಲಾರ ಮುಂದನ ತಪ್ಪ ಹೇಳೀನಿ, ಹಂಗಾಗಿ ಎಲ್ಲಾರ ಮುಂದನ ತಿದ್ದಬೇಕು.

ಮೊದಲ ಖುಷಿ ಸುದ್ದಿ. ಬರಿಯೋರ ಕಮ್ಮಟ ಸುರು ಮಾಡೀನಿ! ವಿದ್ಯಾಗಿರಿ ಚಾದಂಗಡ್ಯಾಗ ಕುಂತು ಇಪ್ಪತ್ತು ವರ್ಷದ ಹಿಂದ ನಾವಿಬ್ರೂ ಏನ ಮಾತಾಡಿದ್ವಿ ನೋಡು, ಊರಾಗ ಬರಿಯೋರು ಕೂಡಾಕ ಒಂದು ಜಾಗಾ ಬೇಕಂತ, ಅದ. ನವನಗರದಾಗ, ಮುಳುಗಡಿ ಆದೋರಿಗೆ ಕಟ್ಟಿದ ಹೊಸ ಊರಾಗ, ಒಂದು ಟ್ಯೂಷನ್ ಕ್ಲಾಸಿನ ಖೋಲಿ, ರವಿವಾರ ಹತ್ತರಿಂದ ಹನ್ನೆರಡೂವರಿ ತನಕ. ಬಾಡಿಗಿ ಇಲ್ಲ, ಹೋಗೂ ಮುಂದ ಕಸಾ ಹೊಡದು ಬೆಂಚು ಸರಿ ಮಾಡಿ ಹೋಗಬೇಕು, ಅಷ್ಟ. ಹನ್ನೊಂದು ಮಂದಿ ಬಂದಿದ್ರು, ಈಗ ಎಂಟು ಮಂದಿ ತಪ್ಪದ ಬರತಾರ. ಒಬ್ರು ರಿಟೈರ್ಡ್ ಕಂಡಕ್ಟರ್, ಮೂವತ್ತು ವರ್ಷ ಟಿಕೆಟ್ ಹರದ ಕೈ, ಅಕ್ಷರ ಭಾಳ ಸಣ್ಣು, ವೇಬಿಲ್ ತುಂಬಿದಂಗ ಕಾಗದ ತುಂಬತಾರ. ರಾತ್ರಿ ಡ್ಯೂಟಿ ಮುಗಿಸಿ ಸೀದಾ ಬರೋ ನರ್ಸ್ ಒಬ್ಬಾಕಿ. ಇಳಕಲ್ಲಿಂದ ಬಸ್ಸಿನಾಗ ಬರೋ ಒಬ್ರು ಅಕ್ಕಾರು. ಗುಳೇದಗುಡ್ಡದಿಂದ ಒಬ್ಬ ಹುಡುಗ, ಮನ್ಯಾಗ ಖಣದ ಮಗ್ಗ ಐತಿ, ಮೊದಲನೇ ದಿನಾ "ನೇಯೋರ ಮನ್ಯಾಗ ಬರಿಯೋದು ಎಲ್ಲಿಂದ ಬರಬೇಕ್ರಿ" ಅಂದ. ಅವಂಗ ರನ್ನನ ಸುದ್ದಿ ಹೇಳಿದೆ. ನಮ್ಮ ಮುಧೋಳ ಕಡ್ಯಾವ, ಬಳೆಗಾರರ ಮನ್ಯಾಗ ಹುಟ್ಟಿದಾವ, ಸಾವಿರ ವರ್ಷದ ಹಿಂದ ಕವಿಚಕ್ರವರ್ತಿ ಅನಿಸ್ಕೊಂಡ. ಹುಡುಗ ಏನೂ ಅನಲಿಲ್ಲ, ಆದ್ರ ಮುಂದಿನ ರವಿವಾರ ಮಗ್ಗದ ಸಪ್ಪಳ ಬರಕೊಂಡ ಬಂದಿದ್ದ. ಲಾಳಿ ಹೋಗಿ ಬರೋ ನಡುವ ಅವರವ್ವ ಕೆಮ್ಮೂದು ಬರದಿದ್ದ. ಅವತ್ತು ನಂಗ ಅನಿಸ್ತು, ಇದು ನಡೀತೈತಿ ಅಂತ.

ಕಮ್ಮಟ ಅಂದ್ರ ಮೊದಲಿಗೆ ನಾಣ್ಯಾ ಹೊಡಿಯೋ ಜಾಗಾ ಅಂತ ಅರ್ಥ, ನಿಂಗ ಗೊತ್ತಿರಬೇಕು. ಟಂಕಸಾಲಿ. ಆ ಶಬ್ದ ನಂಗ ಭಾಳ ಸೇರತೈತಿ, ಯಾಕಂದ್ರ ಖೋಟಾ ನಾಣ್ಯಾನೂ ಅಲ್ಲೇ ಗೊತ್ತಾಗಬೇಕಲ್ಲ.

ಮಾಡೋದು ಹಿಂಗ. ಮೊದಲ ನಲವತ್ತು ನಿಮಿಷ ಫೋನ್ ಬಂದ್, ಎಲ್ಲಾರೂ ಕೈಲೆ ಬರೀಬೇಕು. ಆಮ್ಯಾಲ ಒಬ್ಬೊಬ್ರ ಎದ್ದು ಓದಬೇಕು, ಮನ್ಯಾಗ ಮಾತಾಡೋ ದನಿಯೊಳಗ, ಭಾಷಣದ ದನಿಯೊಳಗ ಅಲ್ಲ. ಕೇಳಿದವರು "ಭಾಳ ಛಲೋ ಐತಿ" ಅನ್ನೂ ಹಂಗಿಲ್ಲ. ಯಾವ ಸಾಲು ಕಿವಿಯಾಗ ಉಳೀತು, ಅದನ್ನಷ್ಟ ತಿರುಗಿ ಹೇಳಬೇಕು. ಒಂದ ಸಾಲೂ ಉಳೀಲಿಲ್ಲಂದ್ರ ಸುಮ್ನಿರಬೇಕು. ಈ ಸುಮ್ನಿರೂದು ಎಲ್ಲಾದಕ್ಕಿಂತ ಕಠಿಣ ಐತಿ ನೋಡು, ಓದಿದಾವಗ ಯಾರೂ ಹೇಳೂದ ಬ್ಯಾಡ, ತಾನ ಹೋಗಿ ಹಾಳಿ ಹರದು ಮತ್ತ ಬರೀತಾನ.

ಎರಡನೇ ರವಿವಾರ ಹಲಸಂಗಿ ಗೆಳೆಯರ ಬಗ್ಗೆ ಹೇಳಿದೆ. ಆಗ ಅವರ ಊರೂ ನಮ್ಮ ಊರೂ ಒಂದ ವಿಜಾಪುರ ಜಿಲ್ಲಾ, ನಮ್ಮ ಜಿಲ್ಲಾ ಬ್ಯಾರೆ ಆಗಿದ್ದ 1997ರಾಗ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಧೂಲಾಸಾಹೇಬರು, ಕಾಪಸೆ ರೇವಪ್ಪನವರು, ಹಳ್ಳ್ಯಾಗ ಕುಂತ ಗೆಳೆಯರು, ಬೀಸೋ ಕಲ್ಲಿನ ಮುಂದ ಹೆಣ್ಣಮಕ್ಕಳು ಹಾಡೋದನ್ನ ಕಿವಿಗೊಟ್ಟು ಕೇಳಿ ಬರಕೊಂಡ್ರು, 1931ರಾಗ "ಗರತಿಯ ಹಾಡು" ಅಂತ ಪುಸ್ತಕ ಬಂತು. ಇಳಕಲ್ ಅಕ್ಕಾರು ಇದನ್ನ ಕೇಳಿದವರ "ನಮ್ಮಾಯಿ ಹಾಡತಿದ್ಲು, ಯಾರೂ ಬರಕೊಳ್ಳಲಿಲ್ಲ" ಅಂದ್ರು. ಅಂದು ಕಣ್ಣೊರಸ್ಕೊಂಡು ನಾಕು ಹಾಡು ಹಾಡಿದ್ರು, ನರ್ಸ್ ಹುಡುಗಿ ಸರಸರ ಬರಕೊಂಡ್ಲು. ಎಲ್ಲಾನೂ ತ್ರಿಪದಿ. ಮೂರ ಸಾಲು.

ಅಲ್ಲಿಂದ ಬಾದಾಮಿ. ಎಲ್ಲಾರೂ ಬಸ್ ಹತ್ತಿ ಹೋಗಿ ಅಗಸ್ತ್ಯ ತೀರ್ಥದ ಆ ಕಡೆ ಬಂಡೆಗಲ್ಲಿನ ಮ್ಯಾಲಿನ ಕಪ್ಪೆ ಅರಭಟ್ಟನ ಶಾಸನ ನೋಡಿ ಬಂದ್ವಿ. ಸುಮಾರು 700ನೇ ಇಸವಿದು, ಕನ್ನಡದಾಗ ನಮಗ ಸಿಕ್ಕ ಮೊದಲನೇ ತ್ರಿಪದಿ ಅದರಾಗ ಐತಿ. ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ. ಕಂಡಕ್ಟರ್ ಕಾಕಾ ಭಾಳ ಹೊತ್ತು ನೋಡಿ "ಮೂರ ಸಾಲಿನ್ಯಾಗ ಮನಷ್ಯಾನ್ನ ನಿಂದರಿಸ್ಯಾರ್ರಿ" ಅಂದ್ರು. ಅವತ್ತಿಂದ ನಮ್ಮ ಕಮ್ಮಟದಾಗ ಏನ ಬರದ್ರೂ ಮೊದಲ ಮೂರ ಸಾಲು. ಮೂರ ಸಾಲು ನಿಂತ್ರ ಮುಂದ ಬರೀಬೇಕು.

ಇನ್ನ ನನ್ನ ಗುರಿ. ಕಮ್ಮಟ ನಡಸಾವ ತಾನೂ ಬರೀಬೇಕಲ್ಲ, ಇಲ್ಲಂದ್ರ ಅವರನ್ನ ಬರೀರಿ ಅನ್ನಾಕ ನಂಗ್ಯಾವ ಹಕ್ಕು? ಇನ್ನೂರು ಪುಟದ ಒಂದು ನೋಟಬುಕ್ ತಂದೀನಿ. ದಿನಾ ಬೆಳಗಿನ ಐದೂವರಿಯಿಂದ ಆರೂವರಿ, ಎರಡು ಪುಟ, ಹೋಳಿ ಹುಣ್ಣಿವಿ ಒಳಗ ಮುಗೀಬೇಕು, ಹಲಗಿ ಸಪ್ಪಳ ಸುರು ಆತಂದ್ರ ಬಾಗಲಕೋಟ್ಯಾಗ ಯಾರ ಬರೀತಾರ? ಒಂದು ದಿನಾ ತಪ್ಪಿದ್ರ ಮರುದಿನ ನಾಕು ಪುಟ ಅಲ್ಲ, ಎರಡ. ಸಾಲಾ ತೀರಿಸಿದಂಗ ಬರಿಯೋದು ಬ್ಯಾಡ ಅಂತ. ಏನ ಬರಿಯೋದಂದ್ರ ನಮ್ಮ ಹಳೇ ಮನಿ, ಮುಳುಗಿದ ಮನಿ. ಅಂದ್ರ ಹಂಗಂತ ಅನ್ಕೊಂಡಿದ್ದೆ.

ಈಗ ಆ ಮಾತು.

ನಾಕನೇ ರವಿವಾರ ನಾ ಎಲ್ಲಾರಿಗೂ ಹೇಳಿದ್ದು ಇಷ್ಟ, ಮನಿ ಬಗ್ಗೆ ಮೂರ ಸಾಲು ಬರೀರಿ, ಯಾರ ಮುಂದೂ ಹೇಳದ್ದು ಬರೀರಿ. ಬಿ.ಎಡ್. ಓದೋ ಒಬ್ಬ ಹುಡುಗಿ ಬರತಾಳ, ಹಳೇ ಊರಾಗ ಇನ್ನೂ ಉಳಕೊಂಡೋರು. 2000ದಾಗ ಸುಪ್ರೀಂ ಕೋರ್ಟು ಆಲಮಟ್ಟ್ಯಾಗ 519.60 ಮೀಟರ್ ತನಕ ನೀರು ನಿಂದರಿಸಾಕ ಒಪ್ಪಿದಾಗ ನಮ್ಮ ಮನಿ ಹೋತು, ಅಕಿ ಮನಿ ಉಳೀತು. 2010ರಾಗ ಎರಡನೇ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರ್ ತನಕ ಏರಿಸಬಹುದು ಅಂತ ಹೇಳೈತಲ್ಲ, ಆ ನಾಲ್ಕೂವರಿ ಮೀಟರ್ ಚಿಲ್ಲರಿ ಒಳಗ ಅಕಿ ಮನಿ ಬರತೈತಿ. ಅಂದ್ರ ಅಕಿ ಬುದ್ಧಿ ತಿಳದಾಗಿಂದ ಮನಿ ಹೋಗತೈತಿ ಹೋಗತೈತಿ ಅನ್ನೂದ ಕೇಳಕೋತ ಬೆಳದಾಳ. ಅಕಿ ಎದ್ದು ಓದಿದ್ಲು, ಅಕಿ ಒಪ್ಪಿಗಿ ಕೇಳೇ ಇಲ್ಲಿ ಬರದೀನಿ:

"ನೀರು ಲಗೂನ ಬರಲಿ ಅನಿಸತೈತಿ.
ಹೊಸ ಮನ್ಯಾಗ ನಂಗೊಂದು ಖೋಲಿ ಸಿಗತೈತಿ.
ಅಪ್ಪ ಗ್ವಾಡಿಗೆ ಸುಣ್ಣಾ ಹಚ್ಚಾಕತ್ತಾನ, ಅವನ ಮುಂದ ಇದನ್ನ ಹೆಂಗ ಹೇಳಲಿ?"

ಓದಿ ಕುಂತ್ಲು. ಒಬ್ರೂ ಮಾತಾಡಲಿಲ್ಲ. ಯಾವ ಸಾಲು ಉಳೀತಂತ ಮೊದಲ ನಾ ಹೇಳಬೇಕು, ಅದು ನಾವ ಮಾಡಿದ ಪದ್ಧತಿ. ನಂಗ ಬಾಯೇ ಬರಲಿಲ್ಲ ದೋಸ್ತಾ.

ನಿಂಗ ನೆನಪೈತೇನು, ನನ್ನ ಆ ಕವಿತಿ? ರಾಜ್ಯೋತ್ಸವದ ಕವಿಗೋಷ್ಠ್ಯಾಗ ಓದಿದ್ದೆ, ಶಾಲು ಹೊದಿಸಿದ್ರು, ಮುಂದ ಕುಂತ ಹೆಣ್ಣಮಕ್ಕಳು ಅತ್ರು, ಇಲ್ಲಿ ಹಾಕಿದಾಗ ನೀವೆಲ್ಲಾರೂ ಹಂಚಿಕೊಂಡ್ರಿ. "ನೀರು ನಮ್ಮ ಬಾಗಲ ಒಯ್ತು" ಅಂತ ಅದರಾಗ ಸಾಲೈತಿ. ನಮ್ಮ ಬಾಗಲ ನೀರು ಒಯ್ದಿಲ್ಲ. ನೀರು ಬರೋ ಐದಾರು ತಿಂಗಳ ಮೊದಲ ನಾವ ಮನಿ ಬಿಚ್ಚಿ ಇಳಿಸೀವಿ. ಸಾಗವಾನಿ ಬಾಗಲ ಟ್ರ್ಯಾಕ್ಟರಿನಾಗ ಹೇರಕೊಂಡು ನವನಗರಕ್ಕ ಬಂತು, ಇಲ್ಲಿ ಚೌಕಟ್ಟಿಗೆ ಉದ್ದ ಆತಂತ ಬಡಗ್ಯಾರು ಕೆಳಗಿನ ಒಂದು ಗೇಣು ಕೊರದ್ರು, ಆ ತುಂಡನ್ನ ಅಪ್ಪ ಮಣಿ ಮಾಡಿಸಿದ. ಆ ಮಣಿ ಮ್ಯಾಲ ಕುಂತು ನಾ ಇವತ್ತೂ ಊಟಾ ಮಾಡೀನಿ. ಊಟಾ ಮಾಡಿ ಕೈ ತೊಳಕೊಂಡು ಹೋಗಿ "ನೀರು ಒಯ್ತು" ಅಂತ ಬರದಿದ್ದೆ.

ಅದಕ್ಕಿಂತ ದೊಡ್ಡದು ಇನ್ನೊಂದೈತಿ. ಮನಿ ಬಿಟ್ಟ ದಿನಾ ನಂಗ ಖುಷಿ ಆಗಿತ್ತು. ಸುಳ್ಳಲ್ಲ, ಕುಣದಾಡೂ ಅಷ್ಟು ಖುಷಿ. ಹದಿನೇಳು ವರ್ಷ ನಮಗ. ನವನಗರದಾಗ ಅಗಲ ರಸ್ತಾ, ಮನಿಗೊಂದು ನಳ, ಮನ್ಯಾಗ ಸಂಡಾಸ, ಮಳಿಗಾಲದಾಗ ಸೋರದಿರೋ ಮ್ಯಾಲ್ಛಾವಣಿ. ಹಳೇ ಮನ್ಯಾಗ ಅಜ್ಜಿ ಕೆಮ್ಮು, ಕತ್ತಲಿ ಪಡಸಾಲಿ, ಇದ್ದ ಒಂದ ಬಲ್ಬಿಗೆ ನಾವು ನಾಕು ಮಂದಿ ಓದೋರು. ಯಾಕ ಅಳಬೇಕಿತ್ತು ನಾ? ನೀ ಬಂದಿದ್ದಿ, ನಾವಿಬ್ರೂ ಟ್ರ್ಯಾಕ್ಟರಿನ ಮ್ಯಾಲ, ಹಾಸಿಗಿ ಗಂಟಿನ ತುದಿಗೆ ಹತ್ತಿ ಕುಂತಿದ್ವಿ, ಹಾಡತಿದ್ವಿ. ಅಪ್ಪ ಒಳಗ ಇದ್ದ. ತೊಲಿ ಎಲ್ಲಾ ಇಳಿಸ್ಯಾಗಿತ್ತು, ಅದರಾಗಿನ ಮೊಳಿ ಒಂದೊಂದ ಕೀಳತಿದ್ದ, ಕಿತ್ತು ಹೊಸ್ತಲ ಕಲ್ಲಿನ ಮ್ಯಾಲ ಇಟ್ಟು ಸುತಗಿಲೆ ಬಡದು ನೆಟ್ಟಗ ಮಾಡಿ ಡಾಲ್ಡಾ ಡಬ್ಬಿಗೆ ಹಾಕತಿದ್ದ. ಟಣ್ ಅಂತ ಒಂದು, ಆಮ್ಯಾಲ ತಡದು ಇನ್ನೊಂದು. "ಬಾರೋ, ಜರಾ ಈ ಕಡೆ ಹಿಡಿ" ಅಂದ. ನಂಗ ಕೇಳಿಸ್ತು. ನಾ ಕೇಳಿಸಿಲ್ಲ ಅನ್ನೂವಂಗ ಮಾರಿ ತಿರುವಿದೆ. ನೀ ನನ್ನ ಕಡೆ ನೋಡಿದಿ, ನಿಂಗೂ ಕೇಳಿಸಿತ್ತು, ಇಷ್ಟು ವರ್ಷ ಅದನ್ನ ಒಮ್ಮಿನೂ ನೀ ಎತ್ತಿಲ್ಲ.

ನೀರು ಬಂದಾಗರೆ ಏನ ಮಾಡಿದ್ವಿ? ಸೈಕಲ್ ಹೊಡಕೊಂಡು ನೋಡಾಕ ಬಂದ್ವಿ, ಜಾತ್ರಿಗೆ ಬಂದಂಗ. ದಂಡಿಗೆ ಮಂದಿ ನೆರದಿತ್ತು, ಚುರಮರಿ ಗಾಡಿ ಬಂದಿತ್ತು, ಮಿರ್ಚಿ ಕೂಡ ತಿಂದ್ವಿ. ಅಳು ಬಂದಿದ್ದು ಆಮ್ಯಾಲ, ಎಷ್ಟೋ ವರ್ಷ ಆದ ಮ್ಯಾಲ, ಮುಳುಗಡಿ ಬಗ್ಗೆ ಉಳದವರು ಬರದದ್ದು ಓದಿ ಓದಿ ಬಂತು. ಆ ಅಳು ಅಪ್ಪಂದು, ಆಗ ಅತ್ತ ಎಲ್ಲಾ ಮಂದಿದು. ನಾ ಅದನ್ನ ನಂದಂತ ಹೇಳಿ ಶಾಲು ಹೊದಿಸ್ಕೊಂಡೀನಿ. ಆ ಹುಡುಗಿ ಇಪ್ಪತ್ತೆರಡು ವರ್ಷಕ್ಕ ಎದ್ದು ನಿಂತು ಮೂರ ಸಾಲಿನ್ಯಾಗ ಹೇಳಿದ್ದನ್ನ ನಾ ಇಪ್ಪತ್ತು ವರ್ಷ ಮುಚ್ಚಿ ಮುಚ್ಚಿ ಬರದೀನಿ.

ಅವತ್ತು ಮನಿಗೆ ಬಂದು ಅಟ್ಟ ಹತ್ತಿದೆ. ಡಬ್ಬಿ ಅಲ್ಲೇ ಐತಿ. ಹಳದಿ ಬಣ್ಣ ಹೋಗಿ ತಳ ತುಕ್ಕು ಹಿಡದೈತಿ, ಎತ್ತಿದ್ರ ಭಾಳ ವಜ್ಜೆ. ಮೊಳಿ ಎಲ್ಲಾ ನೆಟ್ಟಗ ಅದಾವ ಅನಿಸತೈತಿ, ಬೆಳಕಿಗೆ ಹಿಡದ್ರ ಒಂದೊಂದರ ಕುತ್ತಿಗಿ ಹತ್ರ ಸುತಗಿ ಬಿದ್ದ ಜಾಗಾ ಚಪ್ಪಟ ಕಾಣಸತೈತಿ, ಅಲ್ಲಿ ಬೊಟ್ಟು ಆಡಿಸಿದ್ರ ತಿಳೀತೈತಿ. ಒಂದನ್ನೂ ಯಾವದಕ್ಕೂ ಬಳಸಿಲ್ಲ. ಅಪ್ಪ ಕೆಳಗ ಕುರ್ಚ್ಯಾಗ ಕುಂತಿದ್ದ, ಈಗ ಕಣ್ಣು ಅಷ್ಟು ಕಾಣೂದಿಲ್ಲ ಅವಂಗ, ಸಪ್ಪಳಾ ಕೇಳಿ "ಡಬ್ಬಿ ತಳ ತೂತ ಬಿದ್ದೈತೇನು? ಬ್ಯಾರೆದಕ್ಕ ಹಾಕು" ಅಂದ. ಹೂಂ ಅಂದೆ. ಬ್ಯಾರೆದಕ್ಕ ಹಾಕಿದೆ. ಹೇಳಬೇಕಂದದ್ದು ಗಂಟಲಾಗ ಉಳೀತು.

ಹಿಂಗಾಗಿ ಗುರಿ ಬದ್ಲಿ ಆಗೈತಿ. ಇನ್ನೂರು ಪುಟ ಇರಲಿ, ಬೆಳಗಿನ ಐದೂವರಿ ಇರಲಿ, ಆದ್ರ ಮುಳುಗಿದ ಮನಿ ಅಲ್ಲ, ಇಳಿಸಿದ ಮನಿ ಬರೀತೀನಿ. ಅಪ್ಪ ಕರದಿದ್ದು, ನಾ ಹೋಗಲಾರದ್ದು, ನಮ್ಮ ಖುಷಿ, ಮಿರ್ಚಿ, ಎಲ್ಲಾ. ಮುಗಿದ ಮ್ಯಾಲ ಮೊದಲ ಅಪ್ಪನ ಮುಂದ ಓದಬೇಕು, ನನ್ನ ಎದಿ ಡವಡವ ಅನ್ನೂದು ಈಗಿಂದನ ಸುರುವಾಗೈತಿ. ಆ ಹುಡುಗಿಗೆ ಮುಂದಿನ ರವಿವಾರ ಇಷ್ಟ ಹೇಳಿದೆ, ನಿಮ್ಮಪ್ಪ ಸುಣ್ಣಾ ಹಚ್ಚೂ ಮುಂದ ನೀನೂ ಒಂದು ಬ್ರಶ್ ಹಿಡಿ, ಹಚ್ಚಕೋತ ನೋಡು, ನೋಡಿದ್ದು ಬರಿ, ಖೋಲಿ ಬೇಕನ್ನೂದನ್ನೂ ಬರಿ, ಒಂದನ್ನ ಬರಿಯಾಕ ಇನ್ನೊಂದನ್ನ ಒರಸಬ್ಯಾಡ. ಅಕಿ ಬರಕೊಂಡ ಬಂದಿದ್ದು ಒಂಬತ್ತು ಪುಟ. ಇಳಕಲ್ ಅಕ್ಕಾರು ಹನ್ನೊಂದು ಸಾಲು ತಿರುಗಿ ಹೇಳಿದ್ರು, ಬಾಯಿಪಾಠ ಬಂದಂಗ!

ಅಯ್ಯ, ಎಷ್ಟು ಬರದೆ. ಇಷ್ಟೆಲ್ಲಾ ಹೇಳಬೇಕಂತ ಕುಂತಿದ್ದಿಲ್ಲ. ಇರಲಿ, ನಮ್ಮವ್ವ ನಿಂಗ ಎಳ್ಳ ಹಚ್ಚಿದ ಸಜ್ಜಿರೊಟ್ಟಿ ಕಟ್ಟಿ ಇಡತೀನಿ ಅಂದಾಳ, ಸಂಕ್ರಾಂತಿಗೆ ಯಾರರೆ ಪುಣೆ ಕಡೆ ಹೊಂಟ್ರ ಕಳಸ್ತೀವಿ, ಹೋದ ಸಲದಂಗ ರೂಮಿನ್ಯಾಗ ಎಲ್ಲಾರಿಗೂ ಹಂಚಿ "ಆರನೇದು ಎಲ್ಲಿ" ಅನಬ್ಯಾಡ. ಹೋಳಿಗೆ ಮಾತ್ರ ನೀ ಬರಬೇಕು. ಬಣ್ಣದ ಬಂಡಿ ಬರೋದರೊಳಗ ಕಿಲ್ಲಾದಾಗ ಇರಬೇಕು, ಹಲಗಿ ನಾ ಕಾಸಿ ಇಟ್ಟಿರತೀನಿ.

ಒಂದು ಕೆಲಸಾ ಮಾತ್ರ ಈಗಿಂದೀಗ ಮಾಡು. ಅವತ್ತು ಟ್ರ್ಯಾಕ್ಟರಿನ ಮ್ಯಾಲ ನಾವು ಹಾಡತಿದ್ದ ಹಾಡು ಯಾವದು? ಮೂರು ದಿನದಿಂದ ಅದ ಜಾಗಾಕ್ಕ ಬಂದು ಪೆನ್ನು ನಿಂತೈತಿ. ನನ್ನ ದನಿ ನೆನಪೈತಿ, ನಿನ್ನ ದನಿ ನೆನಪೈತಿ, ನಡುವ ಟಣ್ ಅನ್ನೂದು ನೆನಪೈತಿ, ಹಾಡಷ್ಟ ನೆನಪಿಲ್ಲ. ನೆನಪಾದ ಕೂಡಲೆ ಬರದು ಕಳಸು. ರವಿವಾರ ಆದ್ರ ಹನ್ನೆರಡೂವರಿ ಮ್ಯಾಲ ಫೋನ್ ಮಾಡು.

ನಿನ್ನ,
ಹಾಸಿಗಿ ಗಂಟಿನ ಆ ತುದಿಗೆ ಕುಂತಾವ