ಮೆಟ್ಟಿಲು ಎಷ್ಟಿವೆ, ಮೊದಲು ಅದು ಹೇಳು

ಈ ಸಲದ ಸಂಪಾದಕೀಯ ದಾವಣಗೆರೆಯಿಂದ. ಪಿ.ಜೆ. ಬಡಾವಣೆಯ ನಮ್ಮ ಮನೆ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಒಂದು ತಟ್ಟೆ ಮಂಡಕ್ಕಿ, ಮೇಲೆ ಎರಡು ಮಿರ್ಚಿ. ಎಣ್ಣೆ ಕೈಯಲ್ಲಿ ಲ್ಯಾಪ್‌ಟಾಪ್ ಮುಟ್ಟಬೇಡ ಅಂತ ಅಕ್ಕ ಒಳಗಿನಿಂದ ಎರಡು ಸಲ ಕೂಗಿದ್ದಾಯಿತು. ಅಕ್ಷರ ತಪ್ಪಿದ್ದರೆ ಮಿರ್ಚಿ ಮೇಲೆ ಹಾಕಿ.

ಮೆಲ್ಬರ್ನ್‌ನ ನಮ್ಮ ಸಂಘದ ಸದಸ್ಯರ ಮೆಸೇಜುಗಳು ಇಲ್ಲಿಗೂ ಬರುತ್ತಿವೆ. ಅಕ್ಟೋಬರ್ ಬಂತೆಂದರೆ ಎಲ್ಲರದ್ದೂ ಒಂದೇ ಪ್ರಶ್ನೆ. ಡಿಸೆಂಬರ್‌ನಲ್ಲಿ ಮಕ್ಕಳಿಗೆ ರಜೆ. ಊರಿನಿಂದ ಅಪ್ಪ-ಅಮ್ಮ ಹೊರಡುತ್ತಾರೆ, ಮೆಲ್ಬರ್ನ್‌ನಿಂದ ನಾವು ಹೊರಡುತ್ತೇವೆ, ನಡುವೆ ಏಷ್ಯಾದಲ್ಲಿ ಎಲ್ಲಾದರೂ ಸೇರಬೇಕು. ಜಾತ್ರೆ ಇಲ್ಲದ ಜಾಗ ಯಾವುದಿದೆ? ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಒಂದೇ ಸಲ ಇಲ್ಲೇ ಬರೆದುಬಿಡುತ್ತೇನೆ.

ಮೊದಲು ನನ್ನ ತಪ್ಪು ಹೇಳಿಬಿಡಬೇಕು. 2023ರ ಕ್ರಿಸ್‌ಮಸ್ ವಾರ ಒಂಬತ್ತು ಜನ ಬಾಲಿಗೆ ಹೋಗಿದ್ದೆವು. ಅಪ್ಪ-ಅಮ್ಮ, ಅಕ್ಕ-ಭಾವ, ಅವರ ಇಬ್ಬರು ಮಕ್ಕಳು, ನಾವು ಮೂವರು. ಹೋಟೆಲ್‌ನವರು ‘ಫ್ಯಾಮಿಲಿ ರೂಮು’ ಅಂದಿದ್ದರು. ಹೋಗಿ ನೋಡಿದರೆ ಅಪ್ಪ-ಅಮ್ಮನ ರೂಮು ಇಳಿಜಾರಿನ ಕೆಳಗೆ, 64 ಮೆಟ್ಟಿಲು ಇಳಿದರೆ ಸಿಗುತ್ತದೆ. ತಿಂಡಿ ಕೊಡುವ ಜಾಗ ಮೇಲೆ. ಅಪ್ಪನ ಮಂಡಿ ಎರಡನೇ ದಿನಕ್ಕೇ ಊದಿತು. ಅಮ್ಮ ಮೂರು ದಿನ ಬಾಳೆಹಣ್ಣು, ಮಂಡಕ್ಕಿಯಲ್ಲೇ ಕಾಲ ಹಾಕಿದರು. ಹೊರಗೆ ಹೊರಟರೆ ರಸ್ತೆ ತುಂಬಾ ಸ್ಕೂಟರು. ಹನ್ನೆರಡು ಕಿಲೋಮೀಟರಿಗೆ ಎರಡೂವರೆ ಗಂಟೆ. ಕಾರಿನ ಕಿಟಕಿಯಿಂದ ನೋಡುತ್ತಾ ಅಮ್ಮ ಅಂದರು, “ಇದಕ್ಕಿಂತ ನಮ್ಮ ದುಗ್ಗಮ್ಮನ ಜಾತ್ರೆ ವಾಸಿ. ಅಲ್ಲಿ ಜನ ಮುಂದಕ್ಕಾದ್ರೂ ಹೋಗ್ತಾರೆ.”

ಅವತ್ತಿನಿಂದ ಯಾವ ಊರಿನ ಹೆಸರು ಎತ್ತಿದರೂ ಅಮ್ಮನದ್ದು ಒಂದೇ ಮಾತು. ಮೆಟ್ಟಿಲು ಎಷ್ಟಿವೆ, ಮೊದಲು ಅದು ಹೇಳು.

ಬಾಲಿಯದ್ದೇನೂ ತಪ್ಪಿಲ್ಲ. ಹೋದ ವಾರ ತಪ್ಪು. ಡಿಸೆಂಬರ್ 20ರಿಂದ ಜನವರಿ 3ರ ತನಕ ಯಾರ್‍ಯಾರಿಗೆ ರಜೆ ಅಂತ ಒಂದು ಚೀಟಿಯಲ್ಲಿ ಬರೆದು ನೋಡಿ. ಆಸ್ಟ್ರೇಲಿಯಾದವರಿಗೆ ಬೇಸಿಗೆ ರಜೆ, ಅವರಿಗೆ ಬಾಲಿ ಹತ್ತಿರ. ಇಂಡೋನೇಷ್ಯಾದವರಿಗೂ ಕ್ರಿಸ್‌ಮಸ್ ಸರ್ಕಾರಿ ರಜೆ, ಅವರೂ ಅಲ್ಲಿಗೇ. ಯುರೋಪಿನ ಚಳಿಯಿಂದ, ರಷ್ಯಾದ ಹಿಮದಿಂದ ಓಡಿಬಂದವರಿಗೆ ಫುಕೆಟ್, ಗೋವಾ, ಶ್ರೀಲಂಕಾದ ದಕ್ಷಿಣದ ಕಡಲ ತೀರ. ಸಿಂಗಪುರದ ಶಾಲೆಗಳಿಗೂ ಆಗಲೇ ವರ್ಷದ ಕೊನೆಯ ರಜೆ. ಜಪಾನಿನಲ್ಲಿ ಇನ್ನೊಂದು ತರಹ: ಡಿಸೆಂಬರ್ 29ರಿಂದ ಜನವರಿ 3ರವರೆಗೆ ಅವರೆಲ್ಲ ಊರಿಗೆ ಹೋಗುತ್ತಾರೆ. ರೈಲು ಭರ್ತಿ, ಅಂಗಡಿ ಬಂದ್. ವಿಯೆಟ್ನಾಂನವರ ದೊಡ್ಡ ಹಬ್ಬ ಮಾತ್ರ ‘ತೆತ್’. ಅದು ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತದೆ. ಡಿಸೆಂಬರ್ ಕೊನೆಯ ವಾರ ಅಲ್ಲಿನವರು ಕೆಲಸದಲ್ಲಿರುತ್ತಾರೆ, ಮಕ್ಕಳು ಶಾಲೆಯಲ್ಲಿರುತ್ತಾರೆ. ಜನವರಿ 1 ಒಂದು ದಿನ ರಜೆ, ಅಷ್ಟೇ.

ಹಾಗಂತ ಆ ದೇಶದಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು ಅಂದುಕೊಳ್ಳಬೇಡಿ. ನಮ್ಮ ಹಿಂಗಾರು ಮಳೆ ಇದೆಯಲ್ಲ, ಅದೇ ಈಶಾನ್ಯದ ಗಾಳಿ ಅಲ್ಲೂ ಆಟ ಆಡುತ್ತದೆ. ಮಧ್ಯ ವಿಯೆಟ್ನಾಂನ ಹುಯೆ, ಹೋಯಿ ಆನ್ ಕಡೆ ಡಿಸೆಂಬರ್‌ನಲ್ಲೂ ಮಳೆ. ಮಲೇಷ್ಯಾದ ಪೂರ್ವ ಕರಾವಳಿಯ ದ್ವೀಪಗಳು ಬಾಗಿಲು ಹಾಕಿರುತ್ತವೆ. ಶ್ರೀಲಂಕಾದ ಟ್ರಿಂಕೋಮಲಿ ಕಡೆಯೂ ಮಳೆಗಾಲ. ಜನ ಇಲ್ಲ, ರೇಟು ಕಡಿಮೆ ಅಂತ ಬುಕ್ ಮಾಡಿ ಹತ್ತು ದಿನ ರೂಮಿನಲ್ಲಿ ಇಸ್ಪೀಟು ಆಡಿದವರು ನಮ್ಮ ಸಂಘದಲ್ಲೇ ಇದ್ದಾರೆ. ಯಾರು ಅಂತ ಹೇಳಲ್ಲ.

ಹಾಗಾದರೆ ನಾವು ಹೋಗಿದ್ದು ಎಲ್ಲಿಗೆ? ಆ ಊರು ಸಿಕ್ಕಿದ್ದು ಭಾವನ ಬಾಯಿಂದ, ಇದೇ ಕಟ್ಟೆ ಮೇಲೆ. ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಭಾವನ ಕೆಲಸ ಅವುಗಳ ರಿಪೇರಿ. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಅದೇ ಕೆಲಸಕ್ಕೆ ವಿಯೆಟ್ನಾಂನ ಫಾನ್ ರಾಂಗ್‌ಗೆ ಹೋಗಿದ್ದನಂತೆ. “ಅಲ್ಲಿ ಗಾಳಿ, ಕಳ್ಳಿ, ಕುರಿ ಬಿಟ್ರೆ ಏನೂ ಇಲ್ಲ ಸಾರ್, ನಮ್ಮೂರೇ” ಅಂದಿದ್ದನಂತೆ. ಭಾವ ಇದನ್ನು ನಗಲಿಕ್ಕೆ ಹೇಳಿದ್ದು. ನನಗೆ ತಲೆಯಲ್ಲಿ ಗಂಟೆ ಬಾರಿಸಿತು. ಏನೂ ಇಲ್ಲದ ಕಡೆ ಜನ ಯಾಕೆ ಬರ್ತಾರೆ?

ಆಗ ಅದು ನಿನ್ ಥುವಾನ್ ಪ್ರಾಂತ್ಯ. 2025ರ ಜುಲೈಯಲ್ಲಿ ಅದನ್ನು ಪಕ್ಕದ ಖಾನ್ ಹೊವಾಗೆ ಸೇರಿಸಿದ್ದಾರೆ, ನಕ್ಷೆಯಲ್ಲಿ ಹುಡುಕುವಾಗ ಗೊಂದಲ ಮಾಡಿಕೊಳ್ಳಬೇಡಿ. ಇಡೀ ವಿಯೆಟ್ನಾಂನಲ್ಲೇ ಅತಿ ಒಣ ಸೀಮೆ ಅದು. ಮೂರು ಕಡೆ ಗುಡ್ಡ ನಿಂತು ಮೋಡ ತಡೆಯುತ್ತವೆ, ಒಂದು ಕಡೆ ಕಡಲು. ವರ್ಷಕ್ಕೆ 700-800 ಮಿಲಿಮೀಟರ್ ಮಳೆ, ಅದೂ ಹೆಚ್ಚು ಪಾಲು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ. ದ್ರಾಕ್ಷಿ, ಬೆಳ್ಳುಳ್ಳಿ ಬೆಳೆಯುತ್ತಾರೆ. ಕುರಿ ಸಾಕುತ್ತಾರೆ.

2024ರ ಡಿಸೆಂಬರ್ 22ಕ್ಕೆ ಹೊರಟೆವು. ದಾವಣಗೆರೆಯವರಿಗೆ ಒಂದು ಮಾತು: ವಿಮಾನಕ್ಕೆ ಬೆಂಗಳೂರಿನ ಒಳಗೆ ಹೋಗಲೇಬೇಡಿ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ಅಪ್ಪ-ಅಮ್ಮನಿಗೆ ವೀಲ್‌ಚೇರ್ ಅನ್ನು ಟಿಕೆಟ್ ಜೊತೆಗೇ ಕೇಳಿಡಿ, ನಾಚಿಕೆ ಬೇಡ. ನಮ್ಮ ಅಪ್ಪ ‘ನನಗೇನಾಗಿದೆ’ ಅಂತ ಜಗಳ ಆಡಿದರು. ಕ್ವಾಲಾಲಂಪುರದಲ್ಲಿ ವಿಮಾನ ಬದಲಾಯಿಸುವಾಗ ಆ ಉದ್ದ ನೋಡಿ ತೆಪ್ಪಗೆ ಕೂತರು. ಇನ್ನೊಂದು, ನಮ್ಮ ಕಡೆ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಟಿಕೆಟ್‌ನಲ್ಲಿ ಒಂದು, ಇ-ವೀಸಾದಲ್ಲಿ ಒಂದು ಹೆಸರು ಆಗದ ಹಾಗೆ ನೀವೇ ಕೂತು ತುಂಬಿ. ಏಜೆಂಟರಿಗೆ ಬಿಡಬೇಡಿ.

ಹೋ ಚಿ ಮಿನ್ ನಗರದಲ್ಲಿ ಎಲ್ಲರೂ ಸೇರಿದೆವು. ಇಮಿಗ್ರೇಷನ್ ಸಾಲು ಉದ್ದ ಇತ್ತು, ಅದಕ್ಕೆ ಮದ್ದಿಲ್ಲ. ಒಂದು ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ರೈಲು ಹತ್ತಿದೆವು. ಇಳಿಯುವ ಸ್ಟೇಷನ್ ಹೆಸರು ‘ತಾಪ್ ಚಾಮ್’, ಅಂದರೆ ಚಾಮ್ ಜನರ ಗೋಪುರ. ಹಿಂದೆ ಆ ಸೀಮೆ ಆಳಿದವರು ಈ ಚಾಮ್ ಜನ. ಸುಮಾರು 320 ಕಿಲೋಮೀಟರ್. ದಾವಣಗೆರೆಯಿಂದ ಬೆಂಗಳೂರಿಗೆ ಇರುವ ರಸ್ತೆಗಿಂತ ಸ್ವಲ್ಪ ಜಾಸ್ತಿ, ಆದರೆ ರೈಲು ನಿಧಾನ, ಆರೇಳು ಗಂಟೆ ಅದರಲ್ಲೇ. ನಾಲ್ಕು ಬರ್ತಿನ ಕ್ಯಾಬಿನ್ ತೆಗೆದುಕೊಂಡು ಕೆಳಗಿನ ಬರ್ತು ಹಿರಿಯರಿಗೆ ಕೊಟ್ಟರೆ ಆರಾಮ. ಅವಸರ ಇರುವವರಿಗೆ ಕಾಮ್ ರಾನ್ ವಿಮಾನ ನಿಲ್ದಾಣ 60 ಕಿಲೋಮೀಟರ್ ದೂರದಲ್ಲಿದೆ. ಸಂಜೆ ಹೊತ್ತಿಗೆ ಕಿಟಕಿಯಾಚೆ ಹಸಿರು ಹೋಗಿ ಬಂಡೆ, ಕಳ್ಳಿ, ಕುರಿ ಮಂದೆ ಶುರುವಾದವು. ನಿದ್ದೆಯಿಂದ ಎದ್ದ ಅಪ್ಪ ಕಣ್ಣು ಉಜ್ಜಿಕೊಂಡು ಕೇಳಿದರು, “ಚಳ್ಳಕೆರೆ ಬಂತೇನೋ?”

ಉಳಿದದ್ದು ಒಂದು ಮನೆಯಲ್ಲಿ. ಎಲ್ಲಾ ರೂಮು ನೆಲ ಅಂತಸ್ತು, ಹಿಂದೆ ಪುಟ್ಟ ಅಡುಗೆಮನೆ. ಅಮ್ಮ ಕುಕ್ಕರ್ ತಂದಿದ್ದರು. ಇಷ್ಟು ಸಿಕ್ಕರೆ ಅರ್ಧ ಪ್ರವಾಸ ಗೆದ್ದಂತೆ.

ಊರ ಹೊರಗೆ ಒಂದು ಸಣ್ಣ ಗುಡ್ಡ. ಅದರ ಮೇಲೆ ಪೊ ಕ್ಲೊಂಗ್ ಗರಾಯ್ ಗುಡಿ, ಕೆಂಪು ಇಟ್ಟಿಗೆಯ ಮೂರು ಗೋಪುರ. 13ನೇ ಶತಮಾನದ ಕೊನೆಗೆ ಚಾಮ್ ರಾಜ ಜಯಸಿಂಹವರ್ಮ ಕಟ್ಟಿಸಿದ್ದು. ಮೆಟ್ಟಿಲು ಇವೆ, ಸುಳ್ಳು ಹೇಳಲ್ಲ. ಆದರೆ ಹಿಂದೆ ಯಾರೂ ತಳ್ಳುವವರಿಲ್ಲ. ಅಪ್ಪ ಹತ್ತು ಹತ್ತಿ ಕೂತರು, ಮತ್ತೆ ಹತ್ತು ಹತ್ತಿ ಕೂತರು. ಬಾಗಿಲ ಮೇಲೆ ಕಲ್ಲಿನಲ್ಲಿ ಕುಣಿಯುವ ಶಿವ, ಆರು ಕೈ. ಒಳಗೆ ನಂದಿ. ಅದರಾಚೆ ಲಿಂಗ, ಲಿಂಗದ ಮೇಲೆ ಮನುಷ್ಯರ ಮುಖ. ಅಮ್ಮನಿಗೆ ಲಿಂಗಕ್ಕೆ ಮುಖ ಯಾಕೆ ಅಂತ ಬಹಳ ಹೊತ್ತು ಬಗೆಹರಿಯಲಿಲ್ಲ. ಅಪ್ಪನಿಗೆ ಮಾತ್ರ ಲೆಕ್ಕ: ನಮ್ಮ ಹರಿಹರೇಶ್ವರನ ಗುಡಿ 1224ರದ್ದು, ಇದು ಅದಕ್ಕಿಂತ ಎಪ್ಪತ್ತು ಎಂಬತ್ತು ವರ್ಷ ಚಿಕ್ಕದು. ಹರಿಹರದ ಗುಡಿಯನ್ನು ಈ ಮನುಷ್ಯ ಜೀವನದಲ್ಲಿ ಎಷ್ಟು ಸಲ ನೋಡಿದ್ದಾರೋ, ಇಸವಿ ಹೇಳಿದ್ದು ನಾನು ಅವತ್ತೇ ಕೇಳಿದ್ದು. ಒಂದು ಗಂಟೆ ಗೋಡೆ ನೆರಳಲ್ಲಿ ಕೂತಿದ್ದೆವು. ನಮ್ಮನ್ನು ಬಿಟ್ಟರೆ ಒಂದು ಶಾಲೆಯ ಮಕ್ಕಳು, ಇಬ್ಬರು ಮುದುಕರು.

ಮರುದಿನ ಬೆಳಿಗ್ಗೆ ಬೀದಿ ತಿರುವಿನಲ್ಲಿ ಅಮ್ಮ ನಿಂತುಬಿಟ್ಟರು. ಒಬ್ಬ ಹೆಂಗಸು ಕೆಂಡದ ಒಲೆ ಮುಂದೆ ಕೂತಿದ್ದಾಳೆ. ಒಲೆ ಮೇಲೆ ಮಣ್ಣಿನ ಪಡ್ಡಿನ ಕಲ್ಲು. ಒಂದೊಂದು ಗುಳಿಗೂ ಒಂದೊಂದು ಪುಟ್ಟ ಮಣ್ಣಿನ ಮುಚ್ಚಳ. ಅಕ್ಕಿ ಹಿಟ್ಟು ಸುರಿಯುತ್ತಾಳೆ, ಮುಚ್ಚುತ್ತಾಳೆ, ತೆಳ್ಳನೆ ಕಡ್ಡಿಯಲ್ಲಿ ಸುತ್ತ ಬಿಡಿಸಿ ಎತ್ತುತ್ತಾಳೆ. ಅಲ್ಲಿ ಅದರ ಹೆಸರು ‘ಬಾನ್ ಕಾನ್’. ಮೊಟ್ಟೆ, ಮೀನು ಹಾಕುವುದೇ ವಾಡಿಕೆ. ಫೋನಿನಲ್ಲಿ ಬರೆದು ತೋರಿಸಿ ಬರೀ ಹಿಟ್ಟಿನದ್ದು ಮಾಡಿಸಿದೆವು. ಅಮ್ಮ ಕಾಲು ಮಡಿಚಿಕೊಂಡು ಅಲ್ಲೇ ಮೋಟು ಸ್ಟೂಲಿನ ಮೇಲೆ ಕೂತರು, ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದರು. ತಿಂದು ತೀರ್ಪು ಕೊಟ್ಟರು: “ಹುಳಿ ಬಂದಿಲ್ಲ, ಉದ್ದು ಇಲ್ಲ. ಆದ್ರೆ ಎಣ್ಣೆ ಹಾಕದೇ ಹೆಂಗೆ ಅಂಟದಂಗೆ ತೆಗೀತಾಳೆ ನೋಡು.” ಆ ಹೆಂಗಸು ಚಟ್ನಿಪುಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕೆಮ್ಮಿದಳು. ಇಬ್ಬರೂ ಭಾಷೆ ಇಲ್ಲದೇ ಅರ್ಧ ಗಂಟೆ ಮಾತಾಡಿದರು.

ಆ ಪಡ್ಡಿನ ಕಲ್ಲು ಮಾಡುವವರು ಬಾವ್ ತ್ರುಕ್ ಅನ್ನುವ ಕುಂಬಾರರ ಹಳ್ಳಿಯಲ್ಲಿ ಇದ್ದಾರೆ, ಊರಿನಿಂದ ಹತ್ತು ಕಿಲೋಮೀಟರ್. ಚಾಮ್ ಹೆಂಗಸರು. ಅವರಿಗೆ ತಿಗರಿ ಇಲ್ಲ. ಮಣ್ಣಿನ ಮುದ್ದೆಯನ್ನು ಒಂದು ಪೀಠದ ಮೇಲೆ ಇಟ್ಟು, ಒದ್ದೆ ಬಟ್ಟೆ ಹಿಡಿದು, ಬೆನ್ನು ಹಿಂದಾಗಿ ತಾವೇ ಸುತ್ತ ನಡೆಯುತ್ತಾರೆ. ನಮ್ಮಲ್ಲಿ ಮಡಿಕೆ ತಿರುಗುತ್ತದೆ, ಅಲ್ಲಿ ಕುಂಬಾರಗಿತ್ತಿ ತಿರುಗುತ್ತಾಳೆ. 2022ರಲ್ಲಿ ಯುನೆಸ್ಕೋ ಈ ಕೆಲಸವನ್ನು ತುರ್ತಾಗಿ ಉಳಿಸಬೇಕಾದ ಪಟ್ಟಿಗೆ ಸೇರಿಸಿತು. ಅಮ್ಮ ಅಲ್ಲಿ ಕೊಂಡ ಕಲ್ಲನ್ನು ಎರಡು ಸೀರೆಯಲ್ಲಿ ಸುತ್ತಿ ತಂದರು. ಒಂದು ಗುಳಿ ಸೀಳಿದೆ. ಉಳಿದದ್ದರಲ್ಲಿ ಇವತ್ತು ಬೆಳಿಗ್ಗೆಯೂ ಪಡ್ಡು ಆಯಿತು.

ಡಿಸೆಂಬರ್ 30ಕ್ಕೆ ಎಳ್ಳಮಾವಾಸ್ಯೆ ಬಂತು. ಅಮ್ಮನ ತವರು ಹಾವೇರಿ ಕಡೆ, ಚರಗ ಚೆಲ್ಲುವ ದಿನ ಊರಲ್ಲಿಲ್ಲ ಅಂತ ಮುಖ ಸಣ್ಣದು ಮಾಡಿಕೊಂಡಿದ್ದರು. ಮರುದಿನ ಪೇಟೆಗೆ ಹೋದರೆ ಸಸ್ಯಾಹಾರದ ಅಂಗಡಿಗಳಲ್ಲಿ ಜಾಗವೇ ಇಲ್ಲ. ಅಲ್ಲಿಯ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲ. ಸಸ್ಯಾಹಾರಕ್ಕೆ ಅವರ ಮಾತು ‘ಚಾಯ್’. ಅಪ್ಪ ಹೋದಲ್ಲೆಲ್ಲ ಚಾಯ್ ಅಂದು ಟೀ ಬರುತ್ತದೆ ಅಂತ ಕಾದರು, ಅನ್ನ ತೋಫು ಬಂತು. ಮೀನಿನ ಸಾಸ್ ಮೇಲೆ ಮಾತ್ರ ಕಣ್ಣಿಡಿ. ‘ನುವೊಕ್ ಮಾಮ್’ ಅಂತಾರೆ, ಕೇಳದಿದ್ದರೆ ಎಲ್ಲದಕ್ಕೂ ಒಂದು ಚಮಚ ಬೀಳುತ್ತದೆ.

ದೂರುಗಳೂ ಇವೆ. ಗಾಳಿ ಅಂದರೆ ಗಾಳಿ, ಒಣಹಾಕಿದ ಟವೆಲ್ ಪಕ್ಕದ ಮನೆಗೆ. ಆ ತಿಂಗಳು ಕಡಲು ಒರಟು, ಮಕ್ಕಳನ್ನು ನೀರಿಗೆ ಬಿಡಲಿಲ್ಲ. ಹಾಯಿ ಕಟ್ಟಿಕೊಂಡು ಅಲೆ ಮೇಲೆ ಹಾರುವ ಹುಡುಗರು ಮಾತ್ರ ಆ ಗಾಳಿಗೇ ಬರುತ್ತಾರೆ, ನಮ್ಮ ಮಕ್ಕಳು ದಂಡೆಯಲ್ಲಿ ಕೂತು ಅದನ್ನು ನೋಡಿದರು. ಅಕ್ಕನ ಹದಿನಾರರ ಮಗ ನಾಲ್ಕನೇ ದಿನ ‘ಬೋರು’ ಅಂದ. ಅವನನ್ನು ಅಲ್ಲಿಂದ ಗುಡ್ಡ ಹತ್ತಿದರೆ ಸಿಗುವ ದಲಾತ್‌ಗೆ ಎರಡು ದಿನ ಭಾವನ ಜೊತೆ ಕಳಿಸಿದೆವು. ಅಲ್ಲಿ ಜನ ಜಾಸ್ತಿ, ಅವನಿಗೆ ಖುಷಿ ಜಾಸ್ತಿ. ಒಂಬತ್ತೂ ಜನ ಹತ್ತೂ ದಿನ ಒಟ್ಟಿಗೇ ಇರಬೇಕು ಅನ್ನುವ ಹಟ ಬಿಟ್ಟರೆ ಜಗಳ ಅರ್ಧ ಕಡಿಮೆ.

ಫಾನ್ ರಾಂಗ್‌ಗೇ ಹೋಗಿ ಅನ್ನುತ್ತಿಲ್ಲ. ನೀವೆಲ್ಲ ಹೋದರೆ ಅಲ್ಲೂ ಜಾತ್ರೆಯೇ. ತೈವಾನಿನ ತೈನಾನ್ ನನ್ನ ಪಟ್ಟಿಯಲ್ಲಿದೆ. ಡಿಸೆಂಬರ್‌ನಲ್ಲಿ ಒಣ ಹವೆ, ಹಿತವಾದ ಚಳಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಬೌದ್ಧರ ಊಟ ಸಿಗುತ್ತದೆ, ಬೋರ್ಡಿನ ಮೇಲೆ ಎಷ್ಟೋ ಕಡೆ ಸ್ವಸ್ತಿಕ ಇರುತ್ತದೆ. ಮಡಿ ಅಜ್ಜಿಯರೂ ಗುರುತು ಹಿಡಿಯಬಹುದು. ಶ್ರೀಲಂಕಾದ ಅನುರಾಧಪುರವೂ ಆಗಬಹುದು, ಡಿಸೆಂಬರ್‌ನಲ್ಲಿ ಅಲ್ಲೂ ಮಳೆ ಇರುತ್ತದೆ, ಕೊಡೆ ಇರಲಿ. ಊರಿನಿಂದ ಬರುವವರಿಗೆ ಗಡಿಯಾರ ಬದಲಾಯಿಸುವ ಕೆಲಸವೂ ಇಲ್ಲ. ಕೊಬ್ಬರಿ ಸಂಬೋಲ ಅನ್ನುವ ಅಲ್ಲಿಯ ಚಟ್ನಿಯಲ್ಲಿ ಒಣಮೀನಿನ ಪುಡಿ ಇದೆಯಾ ಕೇಳಿಕೊಳ್ಳಿ. ಸಿಗಿರಿಯಾಕ್ಕೆ ಅಪ್ಪನನ್ನು ಕರೆದೆ. ಸುಮಾರು 1200 ಮೆಟ್ಟಿಲು ಅಂದ ಕೂಡಲೇ, ಚಿತ್ರದುರ್ಗದ ಕೋಟೆ ಹತ್ತಿದವನಿಗೆ ಇನ್ನೊಂದು ಬಂಡೆ ಯಾಕೆ ಅಂದರು.

ಮುಂದಿನ ಸಂಚಿಕೆಗೆ ನಿಮ್ಮ ಊರುಗಳನ್ನು ಬರೆದು ಕಳಿಸಿ. ಒಂದು ಪುಟ ಸಾಕು. ಸೂರ್ಯಾಸ್ತದ ವರ್ಣನೆ ಬೇಡ. ಮೆಟ್ಟಿಲು ಎಷ್ಟು, ಅನ್ನ ಎಲ್ಲಿ ಸಿಗುತ್ತದೆ, ಶೌಚಾಲಯ ಎಷ್ಟು ದೂರ, ಈ ಮೂರು ಇಲ್ಲದ ಲೇಖನವನ್ನು ಅಮ್ಮ ಪಾಸು ಮಾಡುವುದಿಲ್ಲ.