ಕೋವಿಯನ್ನು ಪಾರ್ಸೆಲ್ ಹಾಕಬೇಡಿ

ಸಂಪಾದಕರೇ,

ಕೊಡಗಿನಲ್ಲಿ ನಾವು ಕೋವಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬಕ್ಕೆ ಇನ್ನೇನು ಹತ್ತು ದಿನ ಇದೆ ಅನ್ನುವಾಗ ನಮ್ಮ ಮನೆ ಕೋವಿಯ ಕುದುರೆ ಕೈಕೊಟ್ಟಿತು. ಅಜ್ಜನ ಕಾಲದ ಕೇಪಿನ ಕೋವಿ. ಮೈಸೂರಿಗೆ ಒಯ್ದು ಲೈಸೆನ್ಸ್ ಇರುವ ರಿಪೇರಿಯವರಿಗೆ ಕೊಡಬೇಕು, ಆದರೆ ಮಳೆ ಬಿಟ್ಟಿರಲಿಲ್ಲ, ತೋಟದ ಕೆಲಸವೂ ಮುಗಿದಿರಲಿಲ್ಲ. ಮೈಸೂರಿನಲ್ಲೇ ಇರುವ ಅಕ್ಕನ ಮಗ "ಮಾವ, ಸುಮ್ನೆ ಪಾರ್ಸೆಲ್ ಹಾಕಿ, ನಾನು ತೆಗೆದುಕೊಂಡು ಅಂಗಡಿಗೆ ಕೊಡ್ತೇನೆ" ಅಂದ. ಪೇಟೆಯ ಒಂದು ಪಾರ್ಸೆಲ್ ಕೌಂಟರ್‌ನಲ್ಲಿ ಕೇಳಿದೆ. ಅಲ್ಲಿದ್ದ ಹುಡುಗ ತಲೆಯನ್ನೂ ಎತ್ತದೆ "ಪೈಪ್ ಅಂತ ಬರೆದು ಕೊಡಿ ಸಾರ್, ಹೋಗುತ್ತೆ" ಅಂದ. ನನಗೆ ನಿಜವಾಗಿ ಭಯವಾಯಿತು. ವಾಪಸ್ ಬಂದೆ.

ನಮಗೆ ವಿನಾಯಿತಿ ಇದೆ, ಆದ್ದರಿಂದ ಕೋವಿಯನ್ನು ಹೇಗೆ ಬೇಕಾದರೂ ಕಳಿಸಬಹುದು ಅಂತ ನಮ್ಮಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಕೊಡವರಿಗೂ, ಕೊಡಗಿನಲ್ಲಿ ತಲೆತಲಾಂತರದಿಂದ ಜಮ್ಮಾ ಜಮೀನು ಹೊಂದಿರುವ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಸಿಕ್ಕಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಅದು ಸಿಕ್ಕಿರುವುದು ನಮಗೆ. ಬಸ್ಸಿನ ಡ್ರೈವರಿಗೆ, ಗೋಡೌನಿನ ಹುಡುಗನಿಗೆ, ಡೆಲಿವರಿ ಕೊಡುವವನಿಗೆ ಯಾವ ವಿನಾಯಿತಿ ಇದೆ? ದಾರಿಯಲ್ಲಿ ಚೆಕ್‌ಪೋಸ್ಟ್‌ನಲ್ಲಿ ಗಂಟು ಬಿಚ್ಚಿದರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಆ ಪಾಪದವರು, ಆಮೇಲೆ ಸುಳ್ಳು ಬರೆದುಕೊಟ್ಟ ನಾವು.

ಇನ್ನೊಂದು ವಿಷಯ ಮನೆಯಲ್ಲಿ ಕೇಪಿನ ಕೋವಿ ಇರುವವರಿಗೆಲ್ಲ ಗೊತ್ತು. ಮದ್ದು, ಚಿಲ್ಲು ಎಲ್ಲ ಬಾಯಿಂದ ಹಾಕಿ ಕೋಲಿನಲ್ಲಿ ಗಿಡಿಯುವ ಕೋವಿ ಅದು, ನಳಿಕೆಯೊಳಗೆ ಮದ್ದು ಉಳಿದಿದೆಯೋ ಇಲ್ಲವೋ ಹೊರಗಿನಿಂದ ನೋಡಿದರೆ ಕಾಣುವುದಿಲ್ಲ, ಕೋಲು ಇಳಿಸಿ ಅಳತೆ ನೋಡಬೇಕು. ಅಂಥದ್ದನ್ನು ಗೋಣಿಚೀಲದಲ್ಲಿ ಸುತ್ತಿ ಕಾಫಿ ಮೂಟೆಗಳ ನಡುವೆ ಎಸೆದರೆ ಏನಾಗಬಹುದು ಯೋಚಿಸಿ. ತೋಟಾ, ಮದ್ದು ಅಂಚೆಯಲ್ಲಂತೂ ಕಳಿಸಲೇಬಾರದು. ಸ್ಫೋಟಕ ಕಳಿಸಬಾರದು ಅಂತ 1898ರ ಅಂಚೆ ಕಾಯ್ದೆಯಲ್ಲೇ ಇತ್ತು. 2024ರ ಜೂನ್‌ನಲ್ಲಿ ಹೊಸ ಕಾಯ್ದೆ ಜಾರಿಗೆ ಬಂದ ಮೇಲೂ ಆ ನಿಷೇಧ ಹಾಗೇ ಇದೆ.

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ಅಮೆರಿಕದಲ್ಲಿ ಪೋಸ್ಟ್‌ನಲ್ಲೇ ಕಳಿಸ್ತಾರೆ" ಅಂತ ಒಬ್ಬರು ಬರೆದಿದ್ದರು. ಅದು ಅರ್ಧ ಸತ್ಯ. ಅಲ್ಲಿ ರಿಪೇರಿಗೆ ಅಂತ ಗುಂಡು ತೆಗೆದ ರೈಫಲ್ಲನ್ನು ಲೈಸೆನ್ಸ್ ಇರುವ ಅಂಗಡಿಗೆ ಅಂಚೆಯಲ್ಲಿ ಕಳಿಸಬಹುದು, ನಿಜ. ಆದರೆ ಸಾಮಾನ್ಯ ಜನ ಪಿಸ್ತೂಲನ್ನು ಅಂಚೆಗೆ ಹಾಕಬಾರದು ಅಂತ 1927ರಲ್ಲೇ ಕಾನೂನು ಮಾಡಿದವರು ಅವರು. 1963ರಲ್ಲಿ ಅಲ್ಲಿನ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲ್ ಸುಳ್ಳು ಹೆಸರಿನಲ್ಲಿ ಷಿಕಾಗೋದ ಅಂಗಡಿಯಿಂದ ಅಂಚೆಯಲ್ಲಿ ತರಿಸಿದ್ದು. 1968ರಲ್ಲಿ ಆ ಥರದ ವ್ಯಾಪಾರವನ್ನೂ ಬಿಗಿ ಮಾಡಿದರು. ಅಲ್ಲಿನ ನಿಯಮ ಅಲ್ಲಿಗೆ, ಅದನ್ನು ನಂಬಿ ಇಲ್ಲಿ ಯಾರೂ ಗಂಟು ಕಟ್ಟಬೇಡಿ.

ನಮ್ಮ ಕಾನೂನಿನಲ್ಲೂ ದಾರಿ ಇದೆ. ಲೈಸೆನ್ಸ್ ಇರುವವರು ಜೊತೆಯಲ್ಲಿದ್ದರೆ, ಇಲ್ಲವೇ ಅವರು ಬರೆದುಕೊಟ್ಟ ಒಪ್ಪಿಗೆ ಪತ್ರ ಕೈಯಲ್ಲಿದ್ದರೆ, ಬೇರೆಯವರು ಅವರ ಕೋವಿಯನ್ನು ರಿಪೇರಿಗೆ ಒಯ್ಯಬಹುದು ಅಂತ 3ನೇ ಸೆಕ್ಷನ್ನಿನಲ್ಲೇ ಇದೆ. ವಿನಾಯಿತಿ ಪತ್ರ ಇರುವ ನಾವು ಮನೆಯವರ ಕೈಯಲ್ಲಿ ಕೋವಿ ಕಳಿಸಬೇಕಾದರೆ ಯಾವ ಕಾಗದ ಜೊತೆಗಿರಬೇಕು ಅನ್ನುವುದನ್ನು ಜಿಲ್ಲಾಧಿಕಾರಿ ಕಚೇರಿಯವರು ಸರಳ ಕನ್ನಡದಲ್ಲಿ ಬರೆದು, ಪ್ರತಿ ಅಂಚೆ ಕಚೇರಿ, ಕೊರಿಯರ್ ಅಂಗಡಿ, ಬಸ್ ಪಾರ್ಸೆಲ್ ಕೌಂಟರ್‌ನಲ್ಲಿ ಅಂಟಿಸಬೇಕು. ಒಂದೇ ಹಾಳೆ ಸಾಕು. ಮುಂದಿನ ಪುತ್ತರಿ ಸುಗ್ಗಿ ಹಬ್ಬದೊಳಗೆ ಆಗಲಿ.

ನನ್ನ ಕೋವಿಯನ್ನು ಕೊನೆಗೆ ನಾನೇ ವಿನಾಯಿತಿ ಪತ್ರ ಜೊತೆಗಿಟ್ಟುಕೊಂಡು ಮೈಸೂರಿಗೆ ಒಯ್ದೆ. ಒಂದು ದಿನ ಹೋಯಿತು, ಅಷ್ಟೇ.

ಒಬ್ಬ ಕಾಫಿ ಬೆಳೆಗಾರ, ಪೊನ್ನಂಪೇಟೆ