ಸ್ವರ ನುಂಗಿದ್ರೆ ಮೊದಲು ಯಾವ ಸ್ವರ ಅಂತ ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ಟೆಕ್ನಾಲಜಿ ಪುಟದಲ್ಲಿ ಓದುಗರೊಬ್ರು ಒಂದು ಪ್ರಶ್ನೆ ಕೇಳಿದ್ರು, ಮಿಡಿ ಕೀಬೋರ್ಡನ್ನ (ಯಾವ ಮನೆ ಒತ್ತಿದ್ರು ಅನ್ನೋ ಸಂದೇಶಾನ ಕಂಪ್ಯೂಟರಿಗೆ ಕಳಿಸೋ ಸಂಗೀತದ ಕೀಬೋರ್ಡು, ಮನೆ ಅಂದ್ರೆ ಅದರ ಒಂದೊಂದು ಕೀ) ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸಾಫ್ಟ್‌ವೇರ್ ಸಿಂಥಸೈಜರಲ್ಲಿ, ಅಂದ್ರೆ ಆ ಸಂದೇಶಾನ ಶಬ್ದ ಮಾಡೋ ಪ್ರೋಗ್ರಾಮಲ್ಲಿ, ನುಡಿಸ್ತಿದ್ರೆ ಮಧ್ಯೆ ಮಧ್ಯೆ ಸ್ವರ ಬಿಟ್ಟೋಗುತ್ತೆ ಏನ್ಮಾಡೋದು ಅಂತ. ಅದಕ್ಕೆ ಬಂದ ಉತ್ತರ ಒಂದೇ ಸಾಲು, ಲ್ಯಾಪ್‌ಟಾಪ್ ಹಳೇದಾಗಿದೆ, ರ‍್ಯಾಮ್ ಹಾಕಿಸಿ ಇಲ್ಲಾ ಹೊಸದು ತಗೊಳ್ಳಿ. ಅದನ್ನ ಓದಿ ಸುಮ್ನೆ ಇರಕ್ಕಾಗ್ಲಿಲ್ಲ. ನಾನು ತೀರ್ಥಹಳ್ಳಿ ಕಡೆ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡೋನು, ಇದೇ ತೊಂದರೆಗೆ ನಮ್ಮೂರಿನ ಅಂಗಡಿಯೋರೊಬ್ರು ನನಗೂ 55,000 ರೂಪಾಯಿ ಲ್ಯಾಪ್‌ಟಾಪ್ ತೋರಿಸಿದ್ರು. ನಾನು ತಗೊಳ್ಳಲಿಲ್ಲ, ಇವತ್ತೂ ಅದೇ 4 ಜಿಬಿ ಹಳೇ ಮಷೀನಲ್ಲೇ ಪಾಠ ನಡೀತಿದೆ, ಒಂದು ಸ್ವರಾನೂ ಬಿಟ್ಟೋಗ್ತಿಲ್ಲ.

ನಾನು ಬಳಸೋದು ಉಬುಂಟು (ವಿಂಡೋಸ್ ಬದಲು ಹಾಕೋ ಒಂದು ಲಿನಕ್ಸ್) ಮೇಲೆ ಫ್ಲೂಯಿಡ್‌ಸಿಂಥ್, ಅದಕ್ಕೆ ಕ್ಯೂಸಿಂಥ್ ಅನ್ನೋ ಕಿಟಕಿ. ಮೊದಲನೇದು ಸಿಂಥಸೈಜರ್, ಎರಡನೇದು ಅದರ ಸೆಟ್ಟಿಂಗ್ ಬದಲಾಯಿಸಕ್ಕೆ. ಎರಡೂ ಫ್ರೀ. ಪಿಯಾನೋ, ಸ್ಟ್ರಿಂಗ್ಸ್, ಕೊಳಲು ಎಲ್ಲಾ ವಾದ್ಯದ ಧ್ವನಿ ತುಂಬಿರೋ ಫೈಲು, ಫ್ಲೂಯಿಡ್ ಆರ್3 ಸೌಂಡ್‌ಫಾಂಟ್ ಸುಮಾರು 140 ಎಂಬಿ ಅಷ್ಟೇ, ಪೂರ್ತಿ ರ‍್ಯಾಮಿಗೆ ಲೋಡ್ ಆದ್ರೂ 4 ಜಿಬಿಲಿ ಅದೊಂದು ಮೂಲೆಗೆ ಸಾಕಾಗಲ್ಲ. ಅಂದ್ಮೇಲೆ ರ‍್ಯಾಮ್ ಹಾಕಿಸಿ ಅಂತ ಕಣ್ಣುಮುಚ್ಚಿ ಹೇಳೋದು ಸರಿಯಲ್ಲ.

ನಂಗೆ ಇದು ಬರೀ ದುಡ್ಡಿನ ವಿಷಯ ಆಗಿದ್ರೆ ಪತ್ರ ಬರೀತಿರ್ಲಿಲ್ಲ. ನನ್ನ ಹತ್ರ ಬರೋ ಒಂಬತ್ತನೇ ಕ್ಲಾಸಿನ ಹುಡುಗಿ ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತೋ ಮೂರ್ನಾಲ್ಕು ಸ್ವರ) ಹಿಡಿದು, ಬೆರಳು ಎತ್ತಿದ್ರೂ ಸ್ವರ ಮೊಳಗ್ತಾ ಇರೋ ಹಾಗೆ ಮಾಡೋ ಪೆಡಲ್ ಒತ್ತಿ ನುಡಿಸೋವಾಗ ಕೆಳಗಿನ ಮಂದ್ರದ ಸ್ವರ ಸುಮ್ನೆ ಮಾಯ ಆಗ್ತಿತ್ತು. ನಾನು ಬೆರಳು ಎತ್ತಬೇಡಮ್ಮ, ಪೂರ್ತಿ ಒತ್ತಮ್ಮ ಅಂತ ಹೇಳ್ತಾನೇ ಇದ್ದೆ, ಮೂರು ವಾರ. ಆ ಮಗು ಎಷ್ಟು ಜೋರಾಗಿ ಒತ್ತಕ್ಕೆ ಶುರು ಮಾಡ್ತು ಅಂದ್ರೆ ಮಣಿಕಟ್ಟು ನೋಯ್ತಿದೆ ಸಾರ್ ಅಂತ ಅವರಮ್ಮನ ಕೈಲಿ ಹೇಳಿಸ್ತು. ತಪ್ಪು ಅವಳದ್ದಾಗಿರ್ಲಿಲ್ಲ. ಅದು ನಂಗೆ ಇವತ್ತಿಗೂ ಚುಚ್ಚುತ್ತೆ.

ಆಮೇಲೆ ಒಂದು ಭಾನುವಾರ ಕೂತು ಹುಡುಕಿದೆ. ಹುಡುಕಿದ ಮೇಲೆ ಗೊತ್ತಾಗಿದ್ದು ಏನಂದ್ರೆ ಸ್ವರ ಬಿಟ್ಟೋಗ್ತಿದೆ ಅನ್ನೋದು ಸಾಕಾಗಲ್ಲ, ಯಾವ ಸ್ವರ ಬಿಟ್ಟೋಗ್ತಿದೆ ಅಂತ ಕಿವಿಗೊಟ್ಟು ಕೇಳಬೇಕು. ಈಗ ಒತ್ತಿದ ಹೊಸ ಸ್ವರ ಬರ್ತಿಲ್ವಾ, ಆಗ್ಲೇ ಮೊಳಗ್ತಿದ್ದ ಹಳೇ ಸ್ವರ ಕಟ್ ಆಗ್ತಿದ್ಯಾ, ಇಲ್ಲಾ ಎಲ್ಲಾ ಸೇರಿ ಪಟಪಟ ಅಂತ ಒಡೀತಿದ್ಯಾ, ಮೂರಕ್ಕೂ ಕಾರಣ ಬೇರೆಬೇರೆ.

ನಮ್ಮದು ಎರಡನೇದು. ಸಿಂಥಸೈಜರಿಗೆ ಒಂದೇ ಸಲಕ್ಕೆ ಇಷ್ಟೇ ಧ್ವನಿ ಅಂತ ಒಂದು ಮಿತಿ ಇರುತ್ತೆ, ಪಾಲಿಫೋನಿ ಅಂತಾರೆ. ಫ್ಲೂಯಿಡ್‌ಸಿಂಥಲ್ಲಿ ಅದು ಸುಮ್ನೆ ಬಿಟ್ರೆ 256 ಇರುತ್ತೆ, ಆದ್ರೆ ಹಳೇ ಕಂಪ್ಯೂಟರಿಗೆ ಕಮ್ಮಿ ಮಾಡಿ ಅಂತ ಯಾರೋ ಹೇಳಿದ್ದನ್ನ ನಂಬಿ ನಾನೇ 64ಕ್ಕೆ ಇಳಿಸಿಟ್ಟಿದ್ದೆ. 64 ಅಂದ್ರೆ 64 ಸ್ವರ ಅಲ್ಲ! ಪಿಯಾನೋ ಸ್ಟೀರಿಯೋ, ಎಡಕ್ಕೊಂದು ಬಲಕ್ಕೊಂದು ಅಂತ ಒಂದು ಮನೆಗೆ 2 ಧ್ವನಿ, ಅದರ ಜೊತೆ ಸ್ಟೀರಿಯೋ ಸ್ಟ್ರಿಂಗ್ಸ್ ಬೇರೆ ಸೇರಿಸಿದ್ವಿ, ಒಟ್ಟು 4. ಅಲ್ಲಿಗೆ 64 ಭಾಗ 4, ಬರೀ 16 ಮನೆ. ಪೆಡಲ್ ಒತ್ತಿಟ್ಟು ನಾಲ್ಕು ಬೆರಳಿನ ನಾಲ್ಕು ಕಾರ್ಡ್ ನುಡಿಸಿದ್ರೆ ಖಾಲಿ, ಹದಿನೇಳನೇದು ಬರಬೇಕಾದ್ರೆ ಒಂದನ್ನ ಸಾಯಿಸಲೇಬೇಕು. ಯಾವುದನ್ನ ಸಾಯಿಸುತ್ತೆ ಅನ್ನೋದಕ್ಕೂ ಲೆಕ್ಕ ಇದೆ, ಬೆರಳು ಬಿಟ್ಟು ಬಾಲ ಎಳೀತಿರೋದು ಮೊದಲು ಹೋಗುತ್ತೆ, ಪೆಡಲ್ ಮೇಲೆ ನಿಂತಿರೋದೂ ಬೆರಳಲ್ಲಿ ಹಿಡಿದಿರೋದಕ್ಕಿಂತ ಮುಂಚೆ ಹೋಗುತ್ತೆ, ಹಳೇದಾದಷ್ಟೂ ಬೆಲೆ ಕಮ್ಮಿ, ತಾಳದ ಡ್ರಮ್ಮಿಗೆ ಮಾತ್ರ ರಕ್ಷಣೆ ಜಾಸ್ತಿ. ಹಾಗಾಗಿ ಮೊದಲು ಹಿಡಿದು ಪೆಡಲಿಗೆ ಬಿಟ್ಟ ಆ ಮಂದ್ರ ಸ್ವರಾನೇ ಬಲಿ. ಫ್ಲೂಯಿಡ್‌ಸಿಂಥನ್ನ ಟರ್ಮಿನಲ್ಲಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕೀಲಿ) ನಡೆಸೋರು ವಾಯ್ಸ್ ಅಂಡರ್‌ಸ್ಕೋರ್ ಕೌಂಟ್ (voice_count) ಅನ್ನೋ ಕಮಾಂಡ್ ಕೊಟ್ರೆ ಆ ಕ್ಷಣಕ್ಕೆ ಎಷ್ಟು ಧ್ವನಿ ಓಡ್ತಿದೆ ಅಂತ ತೋರಿಸುತ್ತೆ, ಅದು ಮಿತಿಗೆ ಹೋಗಿ ಅಂಟ್ಕೊಂಡಿದ್ರೆ ಇದೇ ರೋಗ. ವಾಪಸ್ 256 ಮಾಡಿದೆ, ಮಂದ್ರ ನಿಂತ್ಕೊಳ್ತು.

ಅಷ್ಟಕ್ಕೆ ಮುಗೀಲಿಲ್ಲ. ನಾನು ಶ್ರುತಿಗೆ ಅಂತ ಇನ್ನೊಂದು ಪ್ರೋಗ್ರಾಮಿಂದ ಸಾ ಪಾ ಎರಡನ್ನೂ ಉದ್ದಕ್ಕೆ ಹಿಡಿದಿಟ್ಟಿರ್ತೀನಿ, ಅದರ ಮೇಲೆ ಮಕ್ಕಳು ಸ್ವರ ನುಡಿಸ್ತಾರೆ. ಶ್ರುತಿ ಮಾತ್ರ ಇನ್ನೂ ಒಂದೊಂದ್ಸಲ ನಿಂತೋಗ್ತಿತ್ತು. ಗಮನ ಇಟ್ಟು ನೋಡಿದ್ರೆ ಮಗು ಅದೇ ಸಾ ನುಡಿಸಿ ಬೆರಳು ಎತ್ತಿದಾಗಲೇ ನಿಲ್ಲೋದು, ರಿ ಗ ಮ ನುಡಿಸಿದಾಗ ಏನೂ ಆಗಲ್ಲ. ಶ್ರುತಿ, ಮಗುವಿನ ಕೀಬೋರ್ಡು ಎರಡೂ ಒಂದೇ ಮಿಡಿ ಚಾನೆಲ್ಲಲ್ಲಿ, ಅಂದ್ರೆ ಸಂದೇಶ ಹೋಗೋ ಒಂದೇ ದಾರೀಲಿ, ಹೋಗ್ತಿದ್ವು. ಮಿಡಿಲಿ ಸ್ವರ ಶುರು, ಸ್ವರ ನಿಲ್ಲಿಸು ಅನ್ನೋ ಸಂದೇಶದಲ್ಲಿ ಇರೋದು ಚಾನೆಲ್ ನಂಬರು, ಮನೆ ನಂಬರು, ಒತ್ತಿನ ಜೋರು ಇಷ್ಟೇ, ಯಾರು ಒತ್ತಿದ್ದು ಅಂತ ಅದರಲ್ಲಿಲ್ಲ. ಮಗು ಸಾ ಒತ್ತಿದ್ ತಕ್ಷಣ ಸಿಂಥ್ ಹಳೇ ಸಾ ನಿಲ್ಲಿಸಿಬಿಡುತ್ತೆ, ಮಗು ಎತ್ತಿದ್ ತಕ್ಷಣ ಹೊಸದೂ ಹೋಗುತ್ತೆ, ಶ್ರುತೀಲಿ ಪಂಚಮ ಒಂದೇ ಉಳಿಯುತ್ತೆ. ಮಿಡಿಲಿ 16 ಚಾನೆಲ್ ಇವೆ, ಶ್ರುತಿನ ಎರಡನೇ ಚಾನೆಲ್ಲಿಗೆ ಹಾಕಿದೆ, ಮುಗೀತು. ಇದಕ್ಕೆ ಯಾವ ಹೊಸ ಲ್ಯಾಪ್‌ಟಾಪ್ ಸಹಾಯ ಮಾಡ್ತಿತ್ತು ಹೇಳಿ, ಲಕ್ಷ ರೂಪಾಯಿದು ತಂದ್ರೂ ಸಾ ಹಾಗೇ ನಿಲ್ತಿತ್ತು. ನಮ್ಮ ಸಂಗೀತ ಕಲಿಸೋರಿಗೆ ಇದು ಬೇರೆಯವರಿಗಿಂತ ಜಾಸ್ತಿ ಕಾಡುತ್ತೆ, ಯಾಕಂದ್ರೆ ಆಧಾರ ಷಡ್ಜ ಇಲ್ದೆ ನಮ್ಮ ಪಾಠಾನೇ ಇಲ್ಲ, ಮಗು ಪ್ರತಿ ಸಾಲಿಗೂ ಅದೇ ಸಾಗೆ ವಾಪಸ್ ಬರುತ್ತೆ.

ಇನ್ನು ಮೂರನೇದು, ಪಟಪಟ ಅನ್ನೋದು ಬಫರಿಂದು, ಅಂದ್ರೆ ಶಬ್ದ ಸ್ಪೀಕರಿಗೆ ಹೋಗೋ ಮುಂಚೆ ಕಂಪ್ಯೂಟರ್ ತುಂಬಿಟ್ಕೊಳ್ಳೋ ಚಿಕ್ಕ ಡಬ್ಬಿದು. ಬಫರ್ ಸೈಜ್ 64 ಅಂದ್ರೆ, ಸೆಕೆಂಡಿಗೆ 44100 ಶಬ್ದದ ಚೂರು ಹೋಗೋ ರೇಟಲ್ಲಿ ಒಂದೂವರೆ ಮಿಲಿಸೆಕೆಂಡೂ ಇಲ್ಲ, ಬಫರ್ ಕೌಂಟೂ (ಅಂಥ ಡಬ್ಬಿ ಎಷ್ಟು ಅನ್ನೋದು) ಕಮ್ಮಿ ಇಟ್ಟಿದ್ರೆ ಹಳೇ ಪ್ರೊಸೆಸರ್ ಎಲ್ಲೋ ಒಂಚೂರು ಬೇರೆ ಕೆಲಸಕ್ಕೆ ಹೋಗಿ ಬರೋ ಅಷ್ಟರಲ್ಲಿ ಶಬ್ದ ಒಡೆಯುತ್ತೆ. ಬಫರ್ ಸೈಜ್ 256 ಮಾಡಿ, 5.8 ಮಿಲಿಸೆಕೆಂಡ್, ಕೌಂಟ್ 2 ಇದ್ರೆ 11.6, ಬೆರಳಿಗೆ ಅಷ್ಟು ತಡ ಗೊತ್ತಾಗಲ್ಲ. ಶಬ್ದಕ್ಕೆ ಗುಂಗು ಸೇರಿಸೋ ರಿವರ್ಬ್, ಕೋರಸ್ ಆಫ್ ಮಾಡಿ, ಪವರ್ ಸೇವಿಂಗ್ ತೆಗೀರಿ, ಪ್ರೊಸೆಸರಿಗೆ ಉಸಿರಾಡಕ್ಕೆ ಜಾಗ ಸಿಗುತ್ತೆ.

ಹೊಸ ಸ್ವರಾನೇ ಬರ್ತಿಲ್ಲ ಅಂದ್ರೆ ಕೀಬೋರ್ಡಿಂದ ಸಂದೇಶ ಬರ್ತಿದ್ಯಾ ಅಂತ ಮೊದಲು ನೋಡಬೇಕು, ಲಿನಕ್ಸಲ್ಲಿ ಎಸೆಕ್‌ಡಂಪ್, ವಿಂಡೋಸಲ್ಲಿ ಮಿಡಿ ಆಕ್ಸ್, ಎರಡೂ ಬಂದ ಪ್ರತಿ ಸಂದೇಶಾನ ಒಂದೊಂದು ಸಾಲಾಗಿ ತೋರಿಸೋ ಪ್ರೋಗ್ರಾಮು. ಒತ್ತಿದ್ರೂ ಸಾಲು ಬರ್ಲಿಲ್ಲ ಅಂದ್ರೆ ತೊಂದರೆ ಕೇಬಲ್ಲಲ್ಲಿ, ಯುಎಸ್‌ಬಿ ಹಬ್ಬಲ್ಲಿ ಇಲ್ಲಾ ಆ ಮನೆಯ ರಬ್ಬರ್ ಕಾಂಟ್ಯಾಕ್ಟಲ್ಲಿ, ಸಿಂಥಿಗೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ ಜೋರು 0 ಅಂತ ನೋಟ್ ಆನ್ (ಸ್ವರ ಶುರು) ಕಂಡ್ರೆ ಗಾಬರಿ ಬೇಡ, ಬೆರಳು ಎತ್ತಿದ್ದನ್ನ ಎಷ್ಟೋ ಕೀಬೋರ್ಡು ಹಾಗೇ ಹೇಳುತ್ತೆ. ಮಿಡಿ ಕೀಬೋರ್ಡ್ ಇಲ್ದೆ ಟೈಪಿಂಗ್ ಕೀಬೋರ್ಡಲ್ಲೇ ನುಡಿಸೋ ಮಕ್ಕಳಿಗೆ ಒಂದು ಮಾತು, ತುಂಬಾ ಅಗ್ಗದ ಕೀಬೋರ್ಡು ಮೂರು ಅಕ್ಷರ ಒಟ್ಟಿಗೆ ಒತ್ತಿದ್ರೆ ಒಂದನ್ನ ಕಳಿಸೋದೇ ಇಲ್ಲ, ಅದಕ್ಕೆ ಕಾರ್ಡ್ ಬರಲ್ಲ.

ಸಂಪಾದಕರೇ, ಆ ಪುಟ ಬರೆಯೋರಿಗೆ ಇದನ್ನ ದಯವಿಟ್ಟು ತಲುಪಿಸಿ, ಮುಂದಿನ ವಾರ ಅದೇ ಜಾಗದಲ್ಲಿ ಪಾಲಿಫೋನಿ, ಚಾನೆಲ್, ಬಫರ್ ಮೂರನ್ನ ನೋಡಿ ಆಮೇಲೆ ಅಂಗಡಿಗೆ ಹೋಗಿ ಅಂತ ಎರಡು ಸಾಲು ಹಾಕ್ಸಿ. ಪ್ರಶ್ನೆ ಕೇಳಿದ ಆ ಓದುಗರು ಇಷ್ಟರಲ್ಲಿ ದುಡ್ಡು ಕೊಟ್ಟಿರದಿದ್ರೆ ಸಾಕು.

ಇಂತಿ,
ಒಬ್ಬ ಕೀಬೋರ್ಡ್ ಮೇಷ್ಟ್ರು, ತೀರ್ಥಹಳ್ಳಿ